ಬಿಡದ ಅರೆತಲೆನೋವಿಗೆ ನರತಡೆ ಚುಚ್ಚುಮದ್ದು

(ಒಕ್ಕೂಟದ ಆಶ್ರಯದಲ್ಲಿ ನಡೆದ ಮಹಿಳಾ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ನರರೋಗ ತಜ್ಞೆಯೊಬ್ಬರು ಮಾಡಿದ ಭಾಷಣದ ಬರಹ ರೂಪ. ಶಿಬಿರಕ್ಕೆ ಬರಲಾಗದ ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ. – ಸಂ.)



ಇಂಥ ಶಿಬಿರಗಳಲ್ಲಿ ನೀವು ಹಸುವಿನ ಆರೋಗ್ಯದ ವಿಷಯ ಬೇಕಾದಷ್ಟು ಕೇಳಿದ್ದೀರಿ. ಕಾಲುಬಾಯಿ ಜ್ವರದ ಲಸಿಕೆ, ಖನಿಜ ಮಿಶ್ರಣ, ಹಸಿರು ಮೇವು ಇವನ್ನೆಲ್ಲ ನನಗಿಂತ ಚೆನ್ನಾಗಿ ನೀವೇ ಹೇಳಬಲ್ಲಿರಿ. ಇವತ್ತು ಅಧ್ಯಕ್ಷರು ನನಗೆ ಕೊಟ್ಟಿರುವ ವಿಷಯ ಹಸುವಿನದಲ್ಲ, ಹಸು ಕರೆಯುವವರದು. ಹಸುವಿಗೆ ಕೆಚ್ಚಲು ಬಾವು ಬಂದರೆ ಅದೇ ಗಳಿಗೆಯಲ್ಲಿ ಪಶುವೈದ್ಯರಿಗೆ ಫೋನು ಹೋಗುತ್ತದೆ. ಆ ಹಸು ಕರೆಯುವ ತಾಯಿಗೆ ತಲೆ ಸಿಡಿಯುತ್ತಿದ್ದರೆ ಮಗುವಿನ ಕೈಗೆ ಐದು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸುತ್ತೇವೆ. ಗುಳಿಗೆ ನುಂಗಿ, ತಲೆಗೆ ಬಟ್ಟೆ ಬಿಗಿದು ಕಟ್ಟಿ, ಆಕೆ ಕೊಟ್ಟಿಗೆಗೆ ಹೋಗುತ್ತಾಳೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ತಾಯಿಯೂ ನಿಮ್ಮ ಹಾಗೆಯೇ ಸಂಘಕ್ಕೆ ಹಾಲು ಹಾಕುತ್ತಿದ್ದವರು. ನಾನು ಓದಿದ್ದು ಆ ಹಾಲಿನ ದುಡ್ಡಿನಲ್ಲಿ. ತಿಂಗಳಲ್ಲಿ ಅರ್ಧ ದಿನ ಅವರ ತಲೆಗೆ ಬಟ್ಟೆ ಕಟ್ಟಿರುತ್ತಿತ್ತು. ಬಿಸಿಲು ಕಂಡರೆ ಆಗುತ್ತಿರಲಿಲ್ಲ, ಒಗ್ಗರಣೆಯ ವಾಸನೆಗೆ ವಾಂತಿ ಬರುತ್ತಿತ್ತು. ಮನೆಯಲ್ಲಿ ಎಲ್ಲರೂ, ನಾನೂ ಸೇರಿ, ಅಮ್ಮನ ತಲೆನೋವು ಇದ್ದದ್ದೇ ಅಂದುಕೊಂಡಿದ್ದೆವು. ಅವರ ಕಥೆಯ ಉಳಿದ ಭಾಗವನ್ನು ಕೊನೆಯಲ್ಲಿ ಹೇಳುತ್ತೇನೆ.

ಅರೆತಲೆನೋವು ಎಂದರೇನು?

ಮೈಗ್ರೇನ್ ಎಂದು ವೈದ್ಯರು ಹೇಳುವುದನ್ನೇ ನಮ್ಮ ಹಿರಿಯರು ಅರೆತಲೆನೋವು, ಅರ್ಧತಲೆಶೂಲೆ ಎಂದರು. ಸಾಮಾನ್ಯವಾಗಿ ತಲೆಯ ಒಂದು ಪಕ್ಕ ಬಡಿಯುವಂತೆ ನೋಯುತ್ತದೆ. ನಡೆದರೆ, ಬಗ್ಗಿದರೆ, ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ. ಹೊಟ್ಟೆ ತೊಳಸುತ್ತದೆ. ಬೆಳಕು, ಸದ್ದು ಬೇಡವೆನಿಸುತ್ತದೆ. ಕೆಲವರಿಗೆ ನೋವಿಗೆ ಮುಂಚೆ ಕಣ್ಣಮುಂದೆ ಮಿಂಚಿನ ಗೆರೆಗಳು ಕಾಣುತ್ತವೆ. ನೋವು ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಇರಬಹುದು. ಎರಡೂ ಪಕ್ಕ ನೋಯುವವರೂ ಇದ್ದಾರೆ, ಹೆಸರು ನೋಡಿ ಮೋಸ ಹೋಗಬಾರದು.

ಇದು ಸೋಮಾರಿತನವಲ್ಲ, ನೆಪವಲ್ಲ, ಗಾಳಿ ಸೋಕಿದ್ದೂ ಅಲ್ಲ. ಮಿದುಳಿನ ಮತ್ತು ನರಗಳ ಒಂದು ಕಾಯಿಲೆ. ತಾಯಿಗಿದ್ದರೆ ಮಕ್ಕಳಿಗೂ ಬರುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 2,329 ಜನರನ್ನು ವಿಚಾರಿಸಿದರು. 2015ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ನೂರಕ್ಕೆ 25 ಜನರಿಗೆ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಈ ಸಭಾಂಗಣದಲ್ಲಿ ಎಷ್ಟು ಜನರಿಗೆ ಇರಬಹುದೆಂದು ನೀವೇ ಲೆಕ್ಕ ಹಾಕಿ.

ಬಹುಪಾಲು ಜನರಿಗೆ ತಿಂಗಳಿಗೆ ಒಂದೆರಡು ಸಲ ಬಂದು ಹೋಗುತ್ತದೆ. ಕೆಲವರಿಗೆ ಮಾತ್ರ ಅದು ಮನೆಯಲ್ಲೇ ಬೀಡು ಬಿಡುತ್ತದೆ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನಿನ ಲಕ್ಷಣ, ಹೀಗೆ ಮೂರು ತಿಂಗಳಿಗೂ ಮೀರಿ ನಡೆದರೆ ಅದನ್ನು ದೀರ್ಘಕಾಲದ ಮೈಗ್ರೇನ್ ಎನ್ನುತ್ತೇವೆ. ನಾನು ಇವತ್ತು ಮುಖ್ಯವಾಗಿ ಮಾತಾಡುವುದು ಇವರ ವಿಷಯ.

ಗುಳಿಗೆಯೇ ಗುದ್ದಲಿಯಾದಾಗ

ನನ್ನಲ್ಲಿಗೆ ಬಂದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಮೂವತ್ತೆಂಟು ವರ್ಷ. ಮನೆಯಲ್ಲಿ ಮೂರು ಹಸುಗಳಿದ್ದವು. ತಿಂಗಳಿಗೆ ಎಷ್ಟು ದಿನ ನೋವು ಬರುತ್ತದೆಂದು ಕೇಳಿದೆ.

"ಬರ್ತಾ ಇರುತ್ತೆ ಡಾಕ್ಟ್ರಮ್ಮ" ಅಂದರು.

"ನಿನ್ನೆ ಸಂಜೆ ಎಷ್ಟು ಹಾಲು ಹಾಕಿದ್ರಿ?" ಅಂತ ಕೇಳಿದೆ.

"ಆರು ಲೀಟರು ಮುನ್ನೂರು. ಫ್ಯಾಟು ನಾಲ್ಕು ಎರಡು" ಅಂತ ಥಟ್ಟನೆ ಬಂತು ಉತ್ತರ.

ನೋಡಿ, ಹಸುವಿನ ಲೆಕ್ಕ ಬಾಯಿಪಾಠ, ತನ್ನ ಲೆಕ್ಕ ಗೊತ್ತಿಲ್ಲ. ಹಾಲಿನ ಪಾಸ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನೋವು ಬಂದ ದಿನಕ್ಕೊಂದು ಗೀಟು, ಗುಳಿಗೆ ನುಂಗಿದ್ದಕ್ಕೊಂದು ಸೊನ್ನೆ ಹಾಕಿಕೊಂಡು ಬನ್ನಿ ಎಂದು ಕಳಿಸಿದೆ. ತಿಂಗಳ ಮೇಲೆ ಬಂದರು. 22 ಗೀಟು, 26 ಸೊನ್ನೆ. ಅದನ್ನು ನೋಡಿ ಅವರೇ ಸುಮ್ಮನಾದರು. ಜೊತೆಯಲ್ಲಿ ಬಂದಿದ್ದ ಯಜಮಾನರು, "ಇಷ್ಟು ಅಂತ ನನಗೆ ಗೊತ್ತಿರಲಿಲ್ಲ" ಅಂದರು. ಕೈಲಾಗದೆ ಒಂದು ಹಸುವನ್ನು ಆಗಲೇ ಮಾರಿಯಾಗಿತ್ತು.

ಇಲ್ಲಿ ಒಂದು ಮಾತನ್ನು ಎಲ್ಲರೂ ಗಂಟು ಹಾಕಿಕೊಂಡು ಹೋಗಬೇಕು. ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧಿ ಬೆರೆತ ಗುಳಿಗೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ನುಂಗಿದರೆ ಆ ಗುಳಿಗೆಯೇ ತಲೆನೋವನ್ನು ತರಲು ಶುರುಮಾಡುತ್ತದೆ. ನೋವಿಗೆಂದು ಗುಳಿಗೆ, ಗುಳಿಗೆಯಿಂದ ನೋವು. ಗಾಣದ ಎತ್ತಿನ ಸುತ್ತು ಅದು. ಹೊಟ್ಟೆ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು ಬೇರೆ. ಎಷ್ಟೇ ಒಳ್ಳೆಯ ಚಿಕಿತ್ಸೆ ಕೊಟ್ಟರೂ ಈ ಸುತ್ತಿನಿಂದ ಹೊರಬರದೆ ಪೂರ್ತಿ ಫಲ ಸಿಗುವುದು ಕಷ್ಟ.

ಮೊದಲು ಮಾಡಬೇಕಾದ್ದು

ಚುಚ್ಚುಮದ್ದು ಎಂದ ಕೂಡಲೆ ಅದೇ ಮೊದಲ ಮದ್ದು ಎಂದು ತಿಳಿಯಬಾರದು. ಮೈಗ್ರೇನ್ ಬಾರದಂತೆ ತಡೆಯಲು ದಿನವೂ ತೆಗೆದುಕೊಳ್ಳುವ ಗುಳಿಗೆಗಳಿವೆ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೋಪಿರಮೇಟ್, ಫ್ಲುನರಿಜಿನ್ ಮುಂತಾದವು. ಇವು ನೋವು ಬಂದಾಗ ನುಂಗುವಂಥವಲ್ಲ. ಲಸಿಕೆಯ ಹಾಗೆ, ಬರುವ ಮುಂಚೆಯೇ ತಡೆಯುವಂಥವು. ಎರಡು ಮೂರು ತಿಂಗಳು ಬಿಡದೆ ತೆಗೆದುಕೊಂಡರೆ ಮಾತ್ರ ಫಲ ತಿಳಿಯುತ್ತದೆ. ವಾರಕ್ಕೇ ಬಿಟ್ಟು "ಆ ಡಾಕ್ಟರ ಔಷಧಿ ಹಿಡಿಸಲಿಲ್ಲ" ಎನ್ನುವವರೇ ಹೆಚ್ಚು. ಉಬ್ಬಸ ಇರುವವರಿಗೆ ಪ್ರೊಪ್ರನೊಲಾಲ್ ಆಗದು. ಗರ್ಭಿಣಿಯರು, ಗರ್ಭ ನಿಲ್ಲುವ ಸಾಧ್ಯತೆ ಇರುವವರು ವಾಲ್ಪ್ರೊಯೇಟ್, ಟೋಪಿರಮೇಟ್‌ಗಳಿಂದ ದೂರವಿರಬೇಕು, ಮಗುವಿಗೆ ಹಾನಿಯಾಗಬಹುದು. ಹೀಗಾಗಿ ಪಕ್ಕದ ಮನೆಯವರ ಚೀಟಿ ನೋಡಿ ಔಷಧಿ ತರಬೇಡಿ.

ಆ ತಾಯಿಗೆ ಉಬ್ಬಸ ಇತ್ತು. ಹಾಗಾಗಿ ಒಂದು ಔಷಧಿ ಕೊಡುವಂತಿರಲಿಲ್ಲ. ಇನ್ನೊಂದರಲ್ಲಿ ನಿದ್ದೆ ಹೆಚ್ಚಿ ಬೆಳಗಿನ ನಾಲ್ಕಕ್ಕೆ ಏಳಲಾಗದೆ ಹೋಯಿತು. ಮತ್ತೊಂದರಲ್ಲಿ ಬೆರಳು ಜುಮುಗುಟ್ಟಿ, ಮರೆವು ಬಂದು, ಕ್ಯಾನಿನ ಲೆಕ್ಕ ತಪ್ಪತೊಡಗಿತು. ಇಂಥವರಿಗೆ ಮುಂದೇನು? ಇಲ್ಲಿ ಬರುತ್ತದೆ ನರತಡೆ ಚುಚ್ಚುಮದ್ದು.

ಕೊಂಬಿನ ಸೂಜಿ ನೀವು ನೋಡಿದ್ದೀರಿ

ನರತಡೆ ನಿಮಗೆ ಹೊಸದಲ್ಲ. ಎತ್ತಿಗೆ ಕೊಂಬಿನ ಕ್ಯಾನ್ಸರ್ ಆದಾಗ, ಕೊಂಬು ಮುರಿದು ಕೊಳೆತಾಗ ಪಶುವೈದ್ಯರು ಬಂದು ಕೊಂಬು ತೆಗೆಯುತ್ತಾರಲ್ಲ, ಆಗ ಮೊದಲು ಸೂಜಿ ಎಲ್ಲಿಗೆ ಹಾಕುತ್ತಾರೆ? ಕೊಂಬಿಗಲ್ಲ. ಕಣ್ಣಿನ ಹೊರಮೂಲೆಗೂ ಕೊಂಬಿನ ಬುಡಕ್ಕೂ ನಡುವೆ ಹಾಕುತ್ತಾರೆ. ಕೊಂಬಿನಿಂದ ಮಿದುಳಿಗೆ ಸುದ್ದಿ ಒಯ್ಯುವ ನರ ಹಾದುಹೋಗುವುದು ಅಲ್ಲಿ. ಅಲ್ಲಿ ಔಷಧಿ ಬಿದ್ದ ಮೇಲೆ ಗರಗಸ ಹಾಕಿದರೂ ಎತ್ತಿಗೆ ಕೊಂಬಿನ ನೋವು ತಿಳಿಯುವುದಿಲ್ಲ. ಕರು ಅಡ್ಡವಾದಾಗ, ಗರ್ಭಕೋಶ ಹೊರಬಂದಾಗ ಬಾಲದ ಬುಡಕ್ಕೆ ಹಾಕುವ ಸೂಜಿಯೂ ಇದೇ ಬಗೆಯದು.

ಆ ಔಷಧಿ ಲಿಗ್ನೊಕೇನ್. ನಮ್ಮ ಮನುಷ್ಯರ ಆಸ್ಪತ್ರೆಯಲ್ಲಿ ಹಲ್ಲು ಕೀಳುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ಬಳಸುವುದೂ ಅದನ್ನೇ. ಇದರ ಹುಟ್ಟಿನ ಕಥೆಯೂ ಒಂದು ಬೆಳೆಯಿಂದ ಶುರುವಾಗುತ್ತದೆ. 1930ರ ದಶಕದಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ ಬಾರ್ಲಿ ಗಿಡದಲ್ಲಿರುವ ಒಂದು ವಸ್ತುವನ್ನು ಅಭ್ಯಾಸ ಮಾಡುತ್ತಿದ್ದರು. ಹೋಲ್ಗರ್ ಎರ್ಡ್ಟ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಹೋಲುವ ಇನ್ನೊಂದು ವಸ್ತುವನ್ನು ತಯಾರಿಸಿ ನಾಲಗೆಗೆ ತಾಗಿಸಿ ನೋಡಿದರು. ನಾಲಗೆ ಮರಗಟ್ಟಿತು. ಆ ಜಾಡನ್ನೇ ಹಿಡಿದು ನಿಲ್ಸ್ ಲೋಫ್‌ಗ್ರೆನ್ ಎಂಬುವರು 1943ರಲ್ಲಿ ಲಿಗ್ನೊಕೇನ್ ತಯಾರಿಸಿದರು. ಅವರ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. 1948ರಲ್ಲಿ ಮಾರುಕಟ್ಟೆಗೆ ಬಂತು. ಅಂದರೆ ಮುಕ್ಕಾಲು ಶತಮಾನದಿಂದ ಜಗತ್ತೆಲ್ಲ ಬಳಸಿ ನೋಡಿರುವ ಔಷಧಿ ಇದು.

ನರದ ಸುದ್ದಿ ಎಂದರೆ ಒಂದು ಬಗೆಯ ವಿದ್ಯುತ್ತು. ನರದ ಪೊರೆಯಲ್ಲಿರುವ ಸಣ್ಣ ಸಣ್ಣ ಬಾಗಿಲುಗಳ ಮೂಲಕ ಸೋಡಿಯಂ ಒಳಗೆ ನುಗ್ಗಿದಾಗ ಸುದ್ದಿ ಮುಂದಕ್ಕೆ ಹರಿಯುತ್ತದೆ. ಲಿಗ್ನೊಕೇನ್ ಆ ಬಾಗಿಲುಗಳನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಔಷಧಿ ಇಳಿದ ಮೇಲೆ ಬಾಗಿಲು ಮತ್ತೆ ತೆರೆಯುತ್ತದೆ. ನರವನ್ನು ಕತ್ತರಿಸುವುದಿಲ್ಲ, ಸುಡುವುದಿಲ್ಲ.

ನೋವು ಹಣೆಯಲ್ಲಿ, ಸೂಜಿ ಹಿಂದಲೆಗೆ ಏಕೆ?

ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಮೈಗ್ರೇನಿಗೆ ಸಾಮಾನ್ಯವಾಗಿ ಕೊಡುವ ನರತಡೆ, ತಲೆಯ ಹಿಂಭಾಗದಲ್ಲಿ ಕುತ್ತಿಗೆಯಿಂದ ಮೇಲೇರಿ ನೆತ್ತಿಯವರೆಗೆ ಹೋಗುವ ದೊಡ್ಡ ನರಕ್ಕೆ. ಇದನ್ನು ಗ್ರೇಟರ್ ಆಕ್ಸಿಪಿಟಲ್ ನರ ಎನ್ನುತ್ತಾರೆ. ನಾನು ಸುಲಭಕ್ಕೆ ಹಿಂದಲೆಯ ನರ ಎನ್ನುತ್ತೇನೆ. ಹಣೆ, ಕಣ್ಣು, ಕೆನ್ನೆಯ ನೋವನ್ನು ಒಯ್ಯುವುದು ಬೇರೆ ನರ, ಟ್ರೈಜೆಮಿನಲ್ ಎಂದು ಹೆಸರು. ಎತ್ತಿನ ಕೊಂಬಿನ ನರವೂ ಇದರದೇ ಕವಲು.

ಶೀತಲೀಕರಣ ಕೇಂದ್ರವನ್ನು ನೆನಪು ಮಾಡಿಕೊಳ್ಳಿ. ಎರಡು ಮಾರ್ಗದ ಹಾಲಿನ ವಾಹನಗಳು ಒಂದೇ ಕೇಂದ್ರಕ್ಕೆ ಬರುತ್ತವೆ. ಹಾಗೆಯೇ ಮುಖದ ನರ ಮತ್ತು ಹಿಂದಲೆಯ ನರ ಎರಡೂ ಮಿದುಳಿನ ಬುಡದಿಂದ ಕುತ್ತಿಗೆಯ ಮೇಲ್ಭಾಗದವರೆಗೆ ಇರುವ ಒಂದೇ ಕೇಂದ್ರಕ್ಕೆ ಬಂದು ಸೇರುತ್ತವೆ. ಹಾಗಾಗಿಯೇ ಮೈಗ್ರೇನ್ ಇರುವವರಿಗೆ ಕಣ್ಣಿನ ಜೊತೆ ಕುತ್ತಿಗೆಯೂ ಬಿಗಿಯುತ್ತದೆ. ದಿನದಿನವೂ ನೋವು ಬಂದರೆ ಈ ಕೇಂದ್ರ ದಣಿದು ಸಿಡುಕು ಹಿಡಿಯುತ್ತದೆ. ಸಣ್ಣ ಸದ್ದು, ಸಣ್ಣ ಬೆಳಕು, ಬಾಚಣಿಗೆ ತಾಗಿದರೂ ನೋವೆಂದೇ ಓದುತ್ತದೆ. ಒಂದು ಮಾರ್ಗದ ವಾಹನವನ್ನು ಸ್ವಲ್ಪ ಹೊತ್ತು ತಡೆದರೆ ಕೇಂದ್ರಕ್ಕೆ ಉಸಿರಾಡಲು ಬಿಡುವು ಸಿಗುತ್ತದೆ. ಲಿಗ್ನೊಕೇನಿನ ಮರವು ಒಂದೆರಡು ಗಂಟೆ ಮಾತ್ರ. ಬುಪಿವಕೇನ್ ಎಂಬ ಅದರ ಅಣ್ಣನದು ಇನ್ನೂ ಕೆಲವು ಗಂಟೆ ಹೆಚ್ಚು. ಆದರೆ ಸಿಡುಕು ಇಳಿದ ಕೇಂದ್ರ ದಿನಗಟ್ಟಲೆ, ಕೆಲವರಲ್ಲಿ ವಾರಗಟ್ಟಲೆ ಶಾಂತವಾಗಿರುತ್ತದೆ.

ಹೇಗೆ ಹಾಕುತ್ತಾರೆ?

ಹೆದರಿಕೆಯೇ ದೊಡ್ಡದು, ಸೂಜಿ ಚಿಕ್ಕದು. ಕುರ್ಚಿಯಲ್ಲಿ ಕೂರಿಸಿ ಮುಂದಿನ ಮೇಜಿನ ಮೇಲೆ ತಲೆ ಊರಲು ಹೇಳುತ್ತಾರೆ. ಕೂದಲು ಬೋಳಿಸುವುದಿಲ್ಲ, ಬೈತಲೆ ತೆಗೆದಂತೆ ಸರಿಸುತ್ತಾರೆ. ಹಿಂದಲೆಯ ನಡುವೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ ಕಿವಿಯ ಹಿಂದಿನ ಮೂಳೆಯವರೆಗೆ ಒಂದು ಗೆರೆ ಎಂದುಕೊಳ್ಳಿ. ಉಬ್ಬಿನ ಕಡೆಯಿಂದ ಆ ಗೆರೆಯ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ ನರ ಸಿಗುತ್ತದೆ. ಅಲ್ಲಿ ಒತ್ತಿದರೆ ಬಹಳ ಜನರಿಗೆ ನೋಯುತ್ತದೆ. ಸ್ಪಿರಿಟ್ಟಿನಿಂದ ಒರೆಸಿ, ಸಣ್ಣ ಸೂಜಿ ಹಾಕಿ, ರಕ್ತನಾಳಕ್ಕೆ ಹೋಗಿಲ್ಲವೆಂದು ಹಿಂದಕ್ಕೆಳೆದು ನೋಡಿ, ಎರಡು ಮೂರು ಮಿಲಿಲೀಟರಿನಷ್ಟು ಔಷಧಿ ಬಿಡುತ್ತಾರೆ. ಸಾಮಾನ್ಯವಾಗಿ ಎರಡೂ ಪಕ್ಕ. ಕೆಲವರಿಗೆ ಹುಬ್ಬಿನ ಮೇಲೆ, ಕಿವಿಯ ಮುಂದೆ ಇರುವ ಸಣ್ಣ ನರಗಳಿಗೂ ಹಾಕುವುದುಂಟು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಆಮೇಲೆ ಅರ್ಧ ಗಂಟೆ ಕೂರಿಸಿ ನೋಡಿ ಮನೆಗೆ ಕಳಿಸುತ್ತಾರೆ. ಮಲಗಿಸಿ ಪ್ರಜ್ಞೆ ತಪ್ಪಿಸುವ ಪ್ರಮೇಯವೇ ಇಲ್ಲ. ಹೊಟ್ಟೆ ಖಾಲಿ ಇಟ್ಟುಕೊಂಡು ಬರುವುದೂ ಬೇಡ, ತಿಂದೇ ಬನ್ನಿ. ಜೊತೆಗೊಬ್ಬರು ಇರಲಿ, ಆ ಹೊತ್ತಿನಲ್ಲಿ ಬೈಕು ನೀವು ಓಡಿಸಬೇಡಿ.

ಎಷ್ಟು ಸಲ? ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಕ್ರಮ. ಕೆಲವರು ವಾರಕ್ಕೊಮ್ಮೆ ನಾಲ್ಕು ವಾರ ಕೊಟ್ಟು ಆಮೇಲೆ ತಿಂಗಳಿಗೊಮ್ಮೆ ಕೊಡುತ್ತಾರೆ. ಕೆಲವರು ತಿಂಗಳಿಗೊಮ್ಮೆಯೇ ಶುರುಮಾಡುತ್ತಾರೆ. ಕೆಲವರು ಸ್ಟೀರಾಯ್ಡ್ ಔಷಧಿಯನ್ನೂ ಬೆರೆಸುತ್ತಾರೆ. ಕ್ಲಸ್ಟರ್ ಎಂಬ ಇನ್ನೊಂದು ಜಾತಿಯ ತಲೆನೋವಿಗೆ ಸ್ಟೀರಾಯ್ಡಿನಿಂದ ಲಾಭ ಚೆನ್ನಾಗಿ ಕಂಡಿದೆ. ಮೈಗ್ರೇನಿಗೆ ಅದನ್ನು ಬೆರೆಸಿದರೆ ಹೆಚ್ಚಿನ ಲಾಭ ಎಂಬುದು ಸಾಬೀತಾಗಿಲ್ಲ. ಅದರಿಂದ ಸೂಜಿ ಹಾಕಿದ ಜಾಗದಲ್ಲಿ ಕೂದಲು ಉದುರಬಹುದು, ಚರ್ಮ ಕುಳಿ ಬೀಳಬಹುದು, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಬಹುದು. "ಇದರಲ್ಲಿ ಸ್ಟೀರಾಯ್ಡ್ ಇದೆಯೇ?" ಎಂದು ಕೇಳಲು ಸಂಕೋಚಪಡಬೇಡಿ.

ಫಲ ಎಷ್ಟು?

ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇದು ಮೈಗ್ರೇನನ್ನು ಬೇರುಸಹಿತ ಕೀಳುವ ಮದ್ದಲ್ಲ. ನೋವಿನ ದಿನಗಳನ್ನು, ನೋವಿನ ತೀವ್ರತೆಯನ್ನು ಕಡಿಮೆ ಮಾಡುವ ಮದ್ದು. ಟರ್ಕಿ, ಸ್ಪೇನ್ ದೇಶಗಳಲ್ಲಿ ಪರೀಕ್ಷೆಗಳು ನಡೆದಿವೆ. ನಮ್ಮ ದೇಶದಲ್ಲೂ ದೆಹಲಿಯ ವೈದ್ಯರು ದೀರ್ಘಕಾಲದ ಮೈಗ್ರೇನ್ ಇರುವವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲಿಗ್ನೊಕೇನ್, ಇನ್ನೊಂದಕ್ಕೆ ಬರೀ ಉಪ್ಪುನೀರು ಚುಚ್ಚಿ ನೋಡಿದರು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ನೋಡುವ ವೈದ್ಯರಿಗೂ ಗೊತ್ತಿಲ್ಲ. 2023ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಔಷಧಿ ಪಡೆದವರ ನೋವಿನ ದಿನಗಳು ಉಪ್ಪುನೀರಿನವರಿಗಿಂತ ಹೆಚ್ಚು ಕಡಿಮೆಯಾದವು. ಆದರೆ ಈ ಪರೀಕ್ಷೆಗಳಲ್ಲಿ ಬಹುಪಾಲು ಚಿಕ್ಕವು, ಕೆಲವೇ ತಿಂಗಳ ಅವಧಿಯವು. ಉಪ್ಪುನೀರು ಚುಚ್ಚಿದವರಲ್ಲೂ ಕೆಲವರಿಗೆ ಗುಣ ಕಂಡಿತ್ತು ಎಂಬುದನ್ನೂ ಮರೆಯಬಾರದು.

ನಾನು ಹೇಳಿದ ಆ ತಾಯಿಗೆ ಅಂಗಡಿ ಗುಳಿಗೆ ನಿಲ್ಲಿಸಿದ ದಿನವೇ ಮೊದಲ ಸೂಜಿ ಹಾಕಿದೆ. ಗುಳಿಗೆ ಬಿಟ್ಟ ಮೊದಲ ಹತ್ತು ದಿನ ನೋವು ಉಲ್ಬಣಿಸುತ್ತದೆ, ಹೆಚ್ಚಿನವರು ಸೋಲುವುದು ಅಲ್ಲೇ. ಆ ಹೊಳೆ ದಾಟಲು ಈ ಸೂಜಿ ಸೇತುವೆಯಾಯಿತು. ನಾಲ್ಕು ವಾರ ವಾರಕ್ಕೊಂದು, ಆಮೇಲೆ ಎರಡು ತಿಂಗಳು ತಿಂಗಳಿಗೊಂದು. ಮೂರು ತಿಂಗಳ ಕೊನೆಗೆ ಪಾಸ್‌ಬುಕ್ಕಿನ ಹಾಳೆಯಲ್ಲಿ 22 ಗೀಟಿನ ಜಾಗದಲ್ಲಿ 10 ಇದ್ದವು, ಸೊನ್ನೆ 6. ಪೂರ್ತಿ ಹೋಗಲಿಲ್ಲ. ಈಗಲೂ ರಾತ್ರಿ ಒಂದು ಸಣ್ಣ ಪ್ರಮಾಣದ ತಡೆ ಗುಳಿಗೆ ತೆಗೆದುಕೊಳ್ಳುತ್ತಾರೆ, ಮೂರು ನಾಲ್ಕು ತಿಂಗಳಿಗೊಮ್ಮೆ ಸೂಜಿಗೆ ಬರುತ್ತಾರೆ. ಮಾರಿದ ಹಸುವಿನ ಗೂಟಕ್ಕೆ ಒಂದು ಕಡಸು ತಂದು ಕಟ್ಟಿದ್ದಾರೆ.

ಇನ್ನೊಬ್ಬರು, ಹೆಚ್ಚುಕಡಿಮೆ ಅದೇ ವಯಸ್ಸು, ಅದೇ ಬಗೆಯ ನೋವು. ಮೂರು ಸಲ ಹಾಕಿದರೂ ಎರಡು ದಿನಕ್ಕಿಂತ ಹೆಚ್ಚು ಫಲ ನಿಲ್ಲಲಿಲ್ಲ. ನಿಲ್ಲಿಸಿ ಬೇರೆ ದಾರಿ ಹಿಡಿದೆವು. ಬೇರೆ ದಾರಿಗಳೂ ಇವೆ. ಬೊಟುಲಿನಮ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2010ರಲ್ಲಿ ದೀರ್ಘಕಾಲದ ಮೈಗ್ರೇನಿಗೆಂದೇ ಮಂಜೂರಾತಿ ಸಿಕ್ಕಿತು. ತಲೆ ಕುತ್ತಿಗೆಯ 31 ಜಾಗಗಳಲ್ಲಿ, 12 ವಾರಕ್ಕೊಮ್ಮೆ ಹಾಕುತ್ತಾರೆ. 2018ರಿಂದ ಸಿ.ಜಿ.ಆರ್.ಪಿ. ತಡೆಯುವ ಹೊಸ ಚುಚ್ಚುಮದ್ದುಗಳೂ ಬಂದಿವೆ. ಇವೆರಡರ ಹಿಂದೆ ಇರುವ ಪುರಾವೆ ನರತಡೆಗಿಂತ ಗಟ್ಟಿಯಾದುದು. ಬೆಲೆ ಮಾತ್ರ ಸಾವಿರಗಳಲ್ಲಿ. ಲಿಗ್ನೊಕೇನ್ ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಅಗ್ಗದ ಔಷಧಿ. ಹಾಲಿನ ಬಟವಾಡೆಯನ್ನೇ ನಂಬಿದ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಔಷಧಿ ಅಗ್ಗವಾದರೂ ಆಸ್ಪತ್ರೆಯ ಶುಲ್ಕ ಬೇರೆ ಬೇರೆ ಇರುತ್ತದೆ. ಒಟ್ಟು ಎಷ್ಟಾಗುತ್ತದೆ, ಎಷ್ಟು ಸಲ ಬರಬೇಕು ಎಂದು ಮೊದಲೇ ಕೇಳಿ.

ಯಾರಿಗೆ ಬೇಡ, ಏನು ತೊಂದರೆ?

ಸೂಜಿ ಹಾಕಿದ ಜಾಗದಲ್ಲಿ ಸ್ವಲ್ಪ ನೋವು, ಊತ, ರಕ್ತ ಹೆಪ್ಪುಗಟ್ಟಿದ ಕಲೆ ಆಗಬಹುದು. ಹಿಂದಲೆ ಕೆಲವು ಗಂಟೆ ಜೋಮು ಹಿಡಿದಂತಿರುತ್ತದೆ. ಕೆಲವರಿಗೆ ತಲೆ ತಿರುಗಿ ಕಣ್ಣು ಕತ್ತಲೆ ಬರುತ್ತದೆ, ಅದಕ್ಕೇ ಅರ್ಧ ಗಂಟೆ ಕೂರಿಸುವುದು. ಹಿಂದೆ ಹಲ್ಲು ಕೀಳಿಸುವಾಗ ಸೂಜಿಯಿಂದ ಮೈ ದದ್ದು, ಉಸಿರುಗಟ್ಟುವಿಕೆ ಆಗಿದ್ದರೆ ಹೇಳಬೇಕು. ತಲೆಬುರುಡೆಯ ಹಿಂಭಾಗದಲ್ಲಿ ಶಸ್ತ್ರಚಿಕಿತ್ಸೆಯಾಗಿ ಮೂಳೆ ಇಲ್ಲದವರಿಗೆ ಇದು ಅಪಾಯ. ಔಷಧಿ ಮಿದುಳಿಗೇ ಹೋಗಬಹುದು. ಆ ಜಾಗದಲ್ಲಿ ಕುರು, ಸೋಂಕು ಇದ್ದರೆ ವಾಸಿಯಾಗುವವರೆಗೆ ಬೇಡ. ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರು ಮುಂಚೆಯೇ ತಿಳಿಸಬೇಕು. ಗರ್ಭಿಣಿಯರಿಗೆ ಅನೇಕ ಗುಳಿಗೆ ಕೊಡುವಂತಿಲ್ಲವಾದ್ದರಿಂದ, ಸ್ಟೀರಾಯ್ಡ್ ಬೆರೆಸದ ಲಿಗ್ನೊಕೇನ್ ನರತಡೆ ಕೆಲವೊಮ್ಮೆ ಅವರಿಗೆ ಒಳ್ಳೆಯ ದಾರಿಯಾಗುತ್ತದೆ. ಹೆರಿಗೆ ವೈದ್ಯರ ಜೊತೆ ಮಾತಾಡಿಯೇ ನಿರ್ಧರಿಸಬೇಕು.

ಹಿಂದೊಮ್ಮೆ ಒಂದು ಹಳ್ಳಿಯಲ್ಲಿ ಈ ವಿಷಯ ಹೇಳಿದಾಗ ಹಿರಿಯರೊಬ್ಬರು ಎದ್ದು, "ಹಾಗಾದ್ರೆ ನಮ್ಮ ದನದ ಡಾಕ್ಟ್ರೇ ಬಂದಾಗ ನಮ್ಮವಳಿಗೂ ಒಂದು ಹಾಕಿಬಿಟ್ರೆ ಆಗಲ್ವೇನಮ್ಮ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಗುವ ಮಾತಾದರೂ ಉತ್ತರ ಗಂಭೀರ. ಆಗುವುದಿಲ್ಲ. ಔಷಧಿಯ ಹೆಸರು ಒಂದೇ ಆದರೂ ಪ್ರಮಾಣ ಬೇರೆ, ಜಾಗ ಬೇರೆ. ರಕ್ತನಾಳಕ್ಕೆ ಹೆಚ್ಚು ಹೋದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಕೂಡಲೇ ಉಪಚಾರ ಮಾಡುವ ಸೌಕರ್ಯ ಇರುವ ಕಡೆ, ಇದರಲ್ಲಿ ತರಬೇತಿ ಪಡೆದ ನರರೋಗ ತಜ್ಞರು ಅಥವಾ ಅರಿವಳಿಕೆ ತಜ್ಞರು ಮಾತ್ರ ಹಾಕಬೇಕು. ಪರವಾನಗಿಯಿಲ್ಲದೆ ಊರೂರು ತಿರುಗಿ ಸೂಜಿ ಹಾಕುವವರ ಕೈಗೆ ತಲೆ ಕೊಡಬೇಡಿ.

ಕಾಯಬಾರದ ತಲೆನೋವು

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ. ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ಅತಿ ಜೋರು ನೋವು, ಜ್ವರದ ಜೊತೆ ಕುತ್ತಿಗೆ ಸೆಟೆದ ನೋವು, ಕೈಕಾಲು ಸೋತು ಮಾತು ತೊದಲುವ ನೋವು, ಫಿಟ್ಸ್ ಬಂದ ನೋವು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಗರ್ಭಿಣಿಗೆ ಅಥವಾ ಬಾಣಂತಿಗೆ ಹೊಸದಾಗಿ ಬಂದ ನೋವು, ಇವಕ್ಕೆ ಗುಳಿಗೆಯೂ ಬೇಡ, ನರತಡೆಯೂ ಬೇಡ. ತಡಮಾಡದೆ ಆಸ್ಪತ್ರೆಗೆ ಹೋಗಿ. ಹಾಲು ಹಾಕಿ ಹೋಗೋಣ ಎಂದು ಕೂಡ ಕಾಯಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ. ತಲೆನೋವು, ಮೂರ್ಛೆರೋಗ, ಲಕ್ವ, ಮರೆವಿನ ಕಾಯಿಲೆಗಳಿಗೆ ಜಿಲ್ಲಾ ಮಟ್ಟದಲ್ಲೇ ಚಿಕಿತ್ಸೆ ಸಿಗಲಿ ಎಂದು ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಆ ಚಿಕಿತ್ಸಾಲಯ ಯಾವ ದಿನ ಇರುತ್ತದೆಂದು ಆಶಾ ಕಾರ್ಯಕರ್ತೆಯರಿಂದ ತಿಳಿದುಕೊಳ್ಳಿ. ಸಹಕಾರಿಗಳಿಗಾಗಿ ಇರುವ ಯಶಸ್ವಿನಿ ಕಾರ್ಡ್ ಇದ್ದವರು ಅದರಲ್ಲಿ ಯಾವ ಯಾವ ಚಿಕಿತ್ಸೆ ಸೇರಿದೆ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ಕಾರ್ಡ್ ಇದೆ ಎಂದು ಎಲ್ಲವೂ ಉಚಿತ ಎಂದುಕೊಂಡು ಹೋಗಬೇಡಿ.

ಇನ್ನು ಮನೆಯಲ್ಲಿ ನೀವೇ ಮಾಡಬಹುದಾದ್ದು. ಬೆಳಗಿನ ಹಾಲು ಕರೆಯುವ ಮುಂಚೆ ಒಂದು ಲೋಟ ನೀರು, ಎರಡು ತುತ್ತು ಏನಾದರೂ ಹೊಟ್ಟೆಗೆ ಬೀಳಲಿ. ಹನ್ನೊಂದು ಗಂಟೆಯವರೆಗೆ ಬರೀ ಟೀ ಕುಡಿದು ದುಡಿಯುವುದು ಮೈಗ್ರೇನಿಗೆ ಕರೆಯೋಲೆ. ಮಲಗುವ, ಏಳುವ ಹೊತ್ತು ದಿನವೂ ಒಂದೇ ಇರಲಿ. ಹುಲ್ಲು ಕೊಯ್ಯಲು ಹೋಗುವಾಗ ತಲೆಯ ಮೇಲೆ ಸೆರಗಿರಲಿ, ಕೈಯಲ್ಲಿ ನೀರಿರಲಿ. ನೋವು ಬಂದ ದಿನ ಸಂಜೆಯ ಹಾಲು ಕರೆಯಲು ಮನೆಯ ಗಂಡಸರು ಎದ್ದರೆ ಅದೂ ಒಂದು ಚಿಕಿತ್ಸೆಯೇ. ಹಿಂದೆ ನಿಂತಿರುವ ಅಣ್ಣತಮ್ಮಂದಿರಿಗೆ ಇದು ಕೇಳಿಸಿತು ಎಂದುಕೊಂಡಿದ್ದೇನೆ.

ಪಾಸ್‌ಬುಕ್ಕಿನ ಕೊನೆಯ ಹಾಳೆ

ನನ್ನ ತಾಯಿಯ ಕಥೆ ಬಾಕಿ ಉಳಿಯಿತು. ಇಪ್ಪತ್ತು ವರ್ಷಕ್ಕೂ ಮೀರಿ ಅವರು ಅಂಗಡಿಯ ಗುಳಿಗೆ ನುಂಗಿದರು. ಐವತ್ತು ದಾಟಿದ ಮೇಲೆ, ಅನೇಕ ಹೆಂಗಸರಿಗೆ ಆಗುವಂತೆ, ಮೈಗ್ರೇನ್ ತಾನಾಗಿಯೇ ಕಡಿಮೆಯಾಯಿತು. ಆದರೆ ಅಷ್ಟು ಹೊತ್ತಿಗೆ ಮೂತ್ರಪಿಂಡಗಳು ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದವು. ತಲೆನೋವು ಹೋಯಿತು, ಗುಳಿಗೆ ಮಾಡಿದ ಹಾನಿ ಉಳಿಯಿತು. ನಾನು ಆಗ ವೈದ್ಯಕೀಯ ಓದುತ್ತಿದ್ದೆ. ಅವರನ್ನು ಒಂದು ದಿನವೂ ಕೂರಿಸಿ, "ಅಮ್ಮಾ, ತಿಂಗಳಿಗೆ ಎಷ್ಟು ದಿನ?" ಎಂದು ಕೇಳಿರಲಿಲ್ಲ. ಈಗ ಬರುವ ಪ್ರತಿಯೊಬ್ಬ ತಾಯಿಯನ್ನೂ ಮೊದಲು ಅದನ್ನೇ ಕೇಳುತ್ತೇನೆ.

ಆದ್ದರಿಂದ ನನ್ನದೊಂದೇ ಕೋರಿಕೆ. ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಪಾಸ್‌ಬುಕ್ಕಿನ ಕೊನೆಯ ಹಾಳೆ ತೆಗೆಯಿರಿ. ನೋವಿಗೊಂದು ಗೀಟು, ಗುಳಿಗೆಗೊಂದು ಸೊನ್ನೆ. ಒಂದು ತಿಂಗಳು ಹಾಕಿ. ಸೊನ್ನೆ ಹತ್ತು ದಾಟಿದರೆ, ಗೀಟು ಹದಿನೈದು ಮುಟ್ಟಿದರೆ, ಆ ಹಾಳೆಯನ್ನು ಹಿಡಿದುಕೊಂಡು ಆಸ್ಪತ್ರೆಗೆ ಬನ್ನಿ. ಗುಳಿಗೆಯೋ, ನರತಡೆಯೋ, ಬೇರೊಂದೋ, ಯಾವುದು ತಕ್ಕದ್ದೆಂದು ಆಗ ಕೂತು ಮಾತಾಡೋಣ. ಸಂಘದಲ್ಲಿ ಒಂದು ಪಾಯಿಂಟು ಫ್ಯಾಟ್ ಕಡಿಮೆ ಬಂದರೆ ಕಾರ್ಯದರ್ಶಿಯವರನ್ನು ನಿಲ್ಲಿಸಿ ಕೇಳುವ ನೀವು, ನಿಮ್ಮ ತಲೆಯ ಲೆಕ್ಕವನ್ನೂ ಅಷ್ಟೇ ಜೋರಾಗಿ ಕೇಳಿ.